ಯಾವ ಡಿಗ್ರಿ ಇದ್ದರೂ ಎರಡೇ ವರ್ಷದಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಆಗಬಹುದೇ?

ಡಿಗ್ರಿ ಪರೀಕ್ಷೆಗಳ ಫಲಿತಾಂಶ ಬರುವ ಹೊತ್ತಿಗೆ ಮನೆಮನೆಯ ವಾಟ್ಸ್ಆ್ಯಪ್ ಗ್ರೂಪ್‌ಗಳಿಗೆ ಕೋರ್ಸ್‌ಗಳ ಫಾರ್ವರ್ಡ್‌ಗಳೂ ಬರತೊಡಗುತ್ತವೆ. ಅಂಥವುಗಳಲ್ಲಿ ಒಂದರ ಧಾಟಿ ಹೀಗಿರುತ್ತದೆ: ‘ಬಿಎ, ಬಿಕಾಂ, ಬಿಎಸ್‌ಸಿ ಯಾವುದಾದರೂ ಸರಿ. ಎರಡು ವರ್ಷದ ಆಕ್ಯುಪೇಷನಲ್ ಥೆರಪಿ ಮಾಸ್ಟರ್ ಡಿಗ್ರಿ ಮಾಡಿ, ಆಸ್ಪತ್ರೆಯಲ್ಲಿ ಕೆಲಸ, ಆಮೇಲೆ ವಿದೇಶ. ಅಗತ್ಯ ಇರುವವರಿಗೆ ತಲುಪಿಸಿ.’

ಪುತ್ತೂರು ತಾಲೂಕಿನ ಬೆಟ್ಟಂಪಾಡಿಯಂಥ ಊರಿನಲ್ಲಿ ಈ ಸಂದೇಶಕ್ಕೆ ತೂಕ ಜಾಸ್ತಿ. ಅಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿದೆ. ಹತ್ತಿರದ ಹಳ್ಳಿಗಳ ಮಕ್ಕಳು ಮನೆಯಿಂದಲೇ ಬಸ್ಸಿನಲ್ಲಿ ಓಡಾಡಿ ಪದವಿ ಮುಗಿಸಬಹುದು. ಮುಂದೇನು ಎಂದು ಮನೆಯವರೆಲ್ಲ ಕೂತು ಮಾತಾಡುವಾಗ ‘ಯಾವ ಡಿಗ್ರಿಯಾದರೂ ಸರಿ’ ಎಂಬ ಸಾಲು ಬಾಗಿಲು ತೆರೆದಂತೆ ಕಾಣುತ್ತದೆ. ಅದನ್ನು ನಂಬಿ ಅಡಿಕೆ ಮಾರಿದ ದುಡ್ಡನ್ನು ಯಾವುದೋ ಸಂಸ್ಥೆಗೆ ಕಟ್ಟುವ ಮೊದಲು ಅದರಲ್ಲಿ ನಿಜವೆಷ್ಟು ಎಂದು ನೋಡೋಣ.

ಚಿಕ್ಕ ಉತ್ತರ: ಇದು ಅರ್ಧ ಸತ್ಯ. ಅಮೆರಿಕದಂಥ ಕೆಲವು ದೇಶಗಳಲ್ಲಿ ಬೇರೆ ವಿಷಯದ ಪದವೀಧರರೂ ಮಾಸ್ಟರ್ಸ್ ಮೂಲಕ ಈ ವೃತ್ತಿಗೆ ಬರಬಹುದು. ಭಾರತದಲ್ಲಿ ಹಾಗಿಲ್ಲ. ಇಲ್ಲಿ ದಾರಿ ಶುರುವಾಗುವುದು ಪಿಯುಸಿ ವಿಜ್ಞಾನದಿಂದ.

ಮೊದಲು, ಯಾವ ‘ಓಟಿ’?

ಆಸ್ಪತ್ರೆಯಲ್ಲಿ ‘ಓಟಿ’ ಎಂದರೆ ನಮಗೆ ನೆನಪಾಗುವುದು ಆಪರೇಷನ್ ಥಿಯೇಟರ್. ಆಪರೇಷನ್ ಥಿಯೇಟರ್ ಟೆಕ್ನಾಲಜಿ ಎಂಬ ಪದವಿ ಕೋರ್ಸ್ ಬೇರೆಯೇ ಇದೆ. ಅದನ್ನು ಓದಿದವರು ಶಸ್ತ್ರಚಿಕಿತ್ಸೆಯ ಕೊಠಡಿಯ ಉಪಕರಣ ಮತ್ತು ಸಿದ್ಧತೆಗಳನ್ನು ನೋಡಿಕೊಳ್ಳುತ್ತಾರೆ. ಆಕ್ಯುಪೇಷನಲ್ ಥೆರಪಿಗೂ ಅದಕ್ಕೂ ಸಂಬಂಧವಿಲ್ಲ. ‘ಓಟಿ ಕೋರ್ಸಿಗೆ ಸೀಟು ಇದೆ’ ಎಂದು ಯಾರಾದರೂ ಹೇಳಿದರೆ ಕೇಳಬೇಕಾದ ಮೊದಲ ಪ್ರಶ್ನೆ, ಯಾವ ಓಟಿ ಎಂದು.

ಎರಡನೇ ಗೊಂದಲ ಹೆಸರಿನದ್ದೇ. ಕನ್ನಡದಲ್ಲಿ ಇದನ್ನು ಔದ್ಯೋಗಿಕ ಚಿಕಿತ್ಸೆ ಎನ್ನುವುದುಂಟು. ಹಾಗಾಗಿ ಉದ್ಯೋಗ ಕೊಡಿಸುವ ತರಬೇತಿ ಎಂದೋ, ಕಾರ್ಖಾನೆ ಕೆಲಸಗಾರರ ಚಿಕಿತ್ಸೆ ಎಂದೋ ಅನ್ನಿಸುತ್ತದೆ. ಇಲ್ಲಿ ‘ಆಕ್ಯುಪೇಷನ್’ ಎಂದರೆ ಮನುಷ್ಯ ದಿನವಿಡೀ ತೊಡಗಿಕೊಳ್ಳುವ ಎಲ್ಲ ಚಟುವಟಿಕೆ: ಹಲ್ಲುಜ್ಜುವುದು, ಸ್ನಾನ, ಉಣ್ಣುವುದು, ಬಟ್ಟೆ ತೊಡುವುದು, ಶಾಲೆಯಲ್ಲಿ ಬರೆಯುವುದು, ಆಟ, ಅಡುಗೆ, ದುಡಿಮೆ. ಕಾಯಿಲೆ, ಗಾಯ ಅಥವಾ ಅಂಗವೈಕಲ್ಯದಿಂದ ಇವು ಕಷ್ಟವಾದಾಗ, ಸಾಧ್ಯವಾದಷ್ಟನ್ನು ಮತ್ತೆ ತಾನೇ ಮಾಡಿಕೊಳ್ಳುವಂತೆ ಮಾಡುವುದು ಈ ಚಿಕಿತ್ಸೆಯ ಗುರಿ.

ಈ ವೃತ್ತಿ ಸಂಘಟಿತ ರೂಪ ಪಡೆದದ್ದು 1917ರಲ್ಲಿ, ಅಮೆರಿಕದಲ್ಲಿ. ಭಾರತದಲ್ಲಿ ಮೊದಲ ಶಾಲೆ ಆರಂಭವಾದದ್ದು 1950ರಲ್ಲಿ, ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ. ಅಮೆರಿಕದಲ್ಲಿ ಹುಟ್ಟಿ ಭಾರತದ ಸೊಸೆಯಾಗಿ ಬಂದ ಕಮಲಾ ನಿಂಬ್ಕರ್ ಅದನ್ನು ಕಟ್ಟಿದರು. 1952ರಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್‌ಗಳ ವಿಶ್ವ ಒಕ್ಕೂಟ ಸ್ಥಾಪನೆಯಾದಾಗ ಅದರ ಹತ್ತು ಸ್ಥಾಪಕ ದೇಶಗಳಲ್ಲಿ ಭಾರತವೂ ಒಂದು. ಅಂದರೆ ಇದು ನಿನ್ನೆ ಮೊನ್ನೆ ಹುಟ್ಟಿದ ‘ಹೊಸ ಕೋರ್ಸ್’ ಅಲ್ಲ.

ನಮ್ಮ ಊರಿಗೆ ಇದರಿಂದ ಏನು?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡಲು ಮರ ಹತ್ತಿದ ವ್ಯಕ್ತಿ ಕೆಳಗೆ ಬೀಳುತ್ತಾರೆ. ಬೆನ್ನುಹುರಿಗೆ ಪೆಟ್ಟಾಗುತ್ತದೆ. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಆಗುತ್ತದೆ, ಜೀವ ಉಳಿಯುತ್ತದೆ, ಮನೆಗೆ ಕರೆತರುತ್ತಾರೆ. ಅಲ್ಲಿಂದಾಚೆಗಿನ ಪ್ರಶ್ನೆಗಳು ಬೇರೆ. ಮಂಚದಿಂದ ಗಾಲಿಕುರ್ಚಿಗೆ ಹೇಗೆ ಹೋಗುವುದು? ಬಚ್ಚಲಿನ ಹೊಸ್ತಿಲು ದಾಟುವುದು ಹೇಗೆ? ನೆಲಮಟ್ಟದ ಕಕ್ಕಸಿಗೆ ಏನು ಮಾಡುವುದು? ಒಂದೇ ಕಡೆ ಕೂತು ಹುಣ್ಣಾಗದಂತೆ ತಡೆಯುವುದು ಹೇಗೆ? ಮರ ಹತ್ತಲಾಗದಿದ್ದರೂ ಕೂತು ಅಡಿಕೆ ಸುಲಿಯಬಹುದೇ, ಅದಕ್ಕೆ ಕುರ್ಚಿ ಮತ್ತು ಕತ್ತಿಯ ಎತ್ತರ ಎಷ್ಟಿರಬೇಕು?

ಇವೆಲ್ಲ ಆಕ್ಯುಪೇಷನಲ್ ಥೆರಪಿಸ್ಟ್ ಕೇಳುವ ಪ್ರಶ್ನೆಗಳು. ಸ್ಥೂಲವಾಗಿ ಹೇಳುವುದಾದರೆ ಫಿಸಿಯೋಥೆರಪಿಯ ಗಮನ ಸ್ನಾಯುಬಲ, ಕೀಲುಗಳ ಚಲನೆ, ನೋವು ಮತ್ತು ನಡಿಗೆಯ ಮೇಲಿರುತ್ತದೆ. ಆ ಬಲವನ್ನು ದಿನನಿತ್ಯದ ಯಾವ ಕೆಲಸಕ್ಕೆ, ಹೇಗೆ ಬಳಸುವುದು ಎಂಬುದು ಆಕ್ಯುಪೇಷನಲ್ ಥೆರಪಿಯ ಗಮನ. ಎರಡರ ಗಡಿ ಅಲ್ಲಲ್ಲಿ ಬೆರೆಯುತ್ತದೆ. ಒಂದು ಹೆಚ್ಚು, ಇನ್ನೊಂದು ಕಡಿಮೆ ಎಂದೇನಿಲ್ಲ. ಅನೇಕ ರೋಗಿಗಳಿಗೆ ಎರಡೂ ಬೇಕು.

ಇನ್ನೊಂದು ಕಾರಣವೂ ಇದೆ. ಬೆಟ್ಟಂಪಾಡಿಯಿಂದ ಸ್ವಲ್ಪ ದೂರದಲ್ಲೇ ಕೇರಳದ ಗಡಿ. ಗಡಿಯಾಚೆ ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಪಡ್ರೆ. ಈಚೆ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆ, ಆಲಂಕಾರು. ಈ ಹೆಸರುಗಳನ್ನು ನಾವು ಕೇಳಿರುವುದು ಎಂಡೋಸಲ್ಫಾನ್ ಸುದ್ದಿಯಲ್ಲಿ. ಸರ್ಕಾರಿ ಸ್ವಾಮ್ಯದ ಗೇರುತೋಟಗಳಿಗೆ ವರ್ಷಗಟ್ಟಲೆ ಹೆಲಿಕಾಪ್ಟರ್‌ನಿಂದ ಆ ಕೀಟನಾಶಕ ಸಿಂಪಡಿಸಲಾಗಿತ್ತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದರ ತಯಾರಿಕೆ ಮತ್ತು ಮಾರಾಟಕ್ಕೆ ತಡೆ ನೀಡಿತು. ಸಿಂಪಡಣೆ ನಿಂತರೂ, ಸಂತ್ರಸ್ತರೆಂದು ಗುರುತಿಸಲಾದ ಮಕ್ಕಳು ಬೆಳೆದು ದೊಡ್ಡವರಾಗಿದ್ದಾರೆ, ಅವರನ್ನು ನೋಡಿಕೊಳ್ಳುತ್ತಿದ್ದ ತಾಯಂದಿರಿಗೆ ವಯಸ್ಸಾಗಿದೆ. ಪರಿಹಾರ, ಮಾಸಾಶನದ ಬಗ್ಗೆ ಸುದ್ದಿಗಳು ಬರುತ್ತವೆ. ಆದರೆ ಇಪ್ಪತ್ತೈದು ವರ್ಷದ ಮಗನಿಗೆ ತಾನೇ ತುತ್ತು ಎತ್ತಿಕೊಳ್ಳಲು ಕಲಿಸುವುದು ದುಡ್ಡಿನಿಂದ ಮಾತ್ರ ಆಗುವ ಕೆಲಸವಲ್ಲ. ಅದಕ್ಕೆ ಕಲಿತ ಕೈ ಬೇಕು. ಆದ್ದರಿಂದಲೇ ಈ ಕೋರ್ಸ್‌ ಬಗೆಗಿನ ತಪ್ಪು ಮಾಹಿತಿ ಬರೀ ಸೀಟಿನ ವಿಷಯವಲ್ಲ.

ಫಾರ್ವರ್ಡ್ ಎಡವಿದ್ದು ಎಲ್ಲಿ?

ಅಮೆರಿಕದಲ್ಲಿ 2007ರಿಂದ ಈ ವೃತ್ತಿಗೆ ಬರಲು ಕನಿಷ್ಠ ಮಾಸ್ಟರ್ಸ್ ಬೇಕು. ಆದ್ದರಿಂದ ಅಲ್ಲಿ ಮೊದಲ ಪದವಿ ಬೇರೆ ವಿಷಯದಲ್ಲಿ ಮುಗಿಸಿ, ನಂತರ ಮಾಸ್ಟರ್ಸ್‌ನಲ್ಲಿ ಚಿಕಿತ್ಸೆ ಕಲಿಯುತ್ತಾರೆ. ಆದರೂ ‘ಯಾವ ಡಿಗ್ರಿಯಾದರೂ ಸರಿ’ ಎಂಬುದು ಅಲ್ಲಿಯೂ ಪೂರ್ತಿ ನಿಜವಲ್ಲ. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಮನಃಶಾಸ್ತ್ರ, ಸಂಖ್ಯಾಶಾಸ್ತ್ರದಂಥ ವಿಷಯಗಳನ್ನು ಮೊದಲೇ ಓದಿರಬೇಕೆಂದು ಕಾಲೇಜುಗಳು ಕೇಳುತ್ತವೆ. ಕೋರ್ಸ್‌ನ ಕೊನೆಯ ಹಂತದಲ್ಲೇ 24 ವಾರಗಳ ಪೂರ್ಣಾವಧಿ ಕ್ಷೇತ್ರ ತರಬೇತಿ ಇರುತ್ತದೆ. ಆಮೇಲೆ ರಾಷ್ಟ್ರಮಟ್ಟದ ಪರೀಕ್ಷೆ, ರಾಜ್ಯದ ಲೈಸೆನ್ಸ್. ಬ್ರಿಟನ್ನಿನಲ್ಲೂ ಬೇರೆ ವಿಷಯದ ಪದವೀಧರರಿಗೆ ಇಂಥ ಮಾಸ್ಟರ್ಸ್ ಕೋರ್ಸ್‌ಗಳಿವೆ.

ಭಾರತದ ಎಂಒಟಿ, ಅಂದರೆ ಮಾಸ್ಟರ್ ಆಫ್ ಆಕ್ಯುಪೇಷನಲ್ ಥೆರಪಿ, ಬೇರೆ ಜಾತಿಯದು. ಇದು ಈಗಾಗಲೇ ಚಿಕಿತ್ಸಕರಾಗಿರುವವರಿಗೆ ಇರುವ ಉನ್ನತ ಪದವಿ. ಸೇರಲು ಬಿಒಟಿ, ಅಂದರೆ ಬ್ಯಾಚುಲರ್ ಆಫ್ ಆಕ್ಯುಪೇಷನಲ್ ಥೆರಪಿ ಮುಗಿಸಿರಲೇಬೇಕು. ಹೆಸರು ಒಂದೇ ಇರುವುದರಿಂದ ಅಲ್ಲಿನ ನಿಯಮವನ್ನು ಇಲ್ಲಿಗೆ ಅಂಟಿಸಿಬಿಟ್ಟಿದ್ದಾರೆ. ಎಂಒಟಿ ಎಂಬುದು ಮನೆಯ ಮಹಡಿ. ಕೆಳಗಿನ ಮನೆ ಕಟ್ಟದೆ ಮಹಡಿ ಕಟ್ಟಲಾಗದು.

ಹಾಗಾದರೆ ನಿಜವಾದ ದಾರಿ ಯಾವುದು?

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ನಂತರ ಬಿಒಟಿ. ಇದು ಸಾಮಾನ್ಯವಾಗಿ ನಾಲ್ಕು ವರ್ಷದ ಓದು ಮತ್ತು ಅದರ ಮೇಲೆ ಇಂಟರ್ನ್‌ಷಿಪ್. ಆಮೇಲೆ ಎರಡು ವರ್ಷದ ಎಂಒಟಿ. ಒಟ್ಟು ಲೆಕ್ಕ ಹಾಕಿದರೆ ಪಿಯುಸಿ ನಂತರ ಆರು ವರ್ಷಕ್ಕೂ ಮೇಲೆ. ಆದರೆ ಚಿಕಿತ್ಸಕರಾಗಿ ಕೆಲಸಕ್ಕೆ ಸೇರಲು ಎಂಒಟಿ ಕಡ್ಡಾಯವಲ್ಲ, ಬಿಒಟಿ ಸಾಕು. ಇದನ್ನೂ ಫಾರ್ವರ್ಡ್ ಹೇಳುವುದಿಲ್ಲ.

ನಮ್ಮ ಕರಾವಳಿಯಲ್ಲೇ ಮಣಿಪಾಲ್ ಕಾಲೇಜ್ ಆಫ್ ಹೆಲ್ತ್ ಪ್ರೊಫೆಷನ್ಸ್‌ನಲ್ಲಿ ಬಿಒಟಿ, ಎಂಒಟಿ ಎರಡೂ ಇವೆ. ಅದು ಖಾಸಗಿ ಡೀಮ್ಡ್ ವಿಶ್ವವಿದ್ಯಾಲಯದ ಭಾಗ, ಶುಲ್ಕವೂ ಅದಕ್ಕೆ ತಕ್ಕಂತೆ. ಕೇಂದ್ರ ಸರ್ಕಾರದ ಸಂಸ್ಥೆಗಳೂ ಇವೆ: ಒಡಿಶಾದ ಕಟಕ್ ಬಳಿಯ ಸ್ವಾಮಿ ವಿವೇಕಾನಂದ ರಾಷ್ಟ್ರೀಯ ಪುನರ್ವಸತಿ ತರಬೇತಿ ಮತ್ತು ಸಂಶೋಧನಾ ಸಂಸ್ಥೆ, ಕೋಲ್ಕತ್ತದ ರಾಷ್ಟ್ರೀಯ ಚಲನ ವೈಕಲ್ಯ ಸಂಸ್ಥೆ. ಇಂಥ ರಾಷ್ಟ್ರೀಯ ಸಂಸ್ಥೆಗಳ ಪದವಿ ಸೀಟುಗಳಿಗೆ ಪ್ರವೇಶ ಪರೀಕ್ಷೆ ಇರುತ್ತದೆ. ದೂರ ಹೋಗಲು ಸಿದ್ಧರಿರುವವರು ಇವನ್ನೂ ವಿಚಾರಿಸಬೇಕು. ಪ್ರವೇಶ ಪರೀಕ್ಷೆ, ಅವಧಿ, ಶುಲ್ಕದ ನಿಯಮಗಳು ಬದಲಾಗುತ್ತಿರುತ್ತವೆ. ಆಯಾ ವರ್ಷದ ಪ್ರಾಸ್ಪೆಕ್ಟಸ್‌ ನೋಡಿಯೇ ನಿರ್ಧರಿಸಿ.

ಎಂಒಟಿಯಲ್ಲಿ ಏನು ಓದುತ್ತಾರೆ?

ಒಂದು ಶಾಖೆಯಲ್ಲಿ ಪರಿಣತಿ. ಕೆಲವರು ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು, ಕೆಲವರು ಪಾರ್ಶ್ವವಾಯು, ಬೆನ್ನುಹುರಿ ಗಾಯದಂಥ ನರಸಂಬಂಧಿ ಸಮಸ್ಯೆಗಳನ್ನು ಆಯ್ದುಕೊಳ್ಳುತ್ತಾರೆ. ಕೈಯ ಗಾಯಗಳು ಮತ್ತು ಮೂಳೆ-ಕೀಲು, ಮಾನಸಿಕ ಆರೋಗ್ಯ ಉಳಿದ ಮುಖ್ಯ ಶಾಖೆಗಳು. ಬೆಳಗ್ಗೆ ರೋಗಿಗಳು, ಸಂಜೆ ಸೆಮಿನಾರ್, ಜೊತೆಗೆ ಸಂಶೋಧನಾ ವಿಧಾನ ಮತ್ತು ಸಂಖ್ಯಾಶಾಸ್ತ್ರ. ಕೊನೆಗೆ ನೈತಿಕ ಸಮಿತಿಯ ಒಪ್ಪಿಗೆ ಪಡೆದು ಮಾಡಿದ ಸಂಶೋಧನೆಯ ಪ್ರಬಂಧ ಒಪ್ಪಿಸಬೇಕು.

ಈ ಸಂಶೋಧನೆ ಬರೀ ಕಾಗದದ ಕೆಲಸವಲ್ಲ. ಚಿಕಿತ್ಸೆಯಲ್ಲಿ ಬಳಸುವ ಅನೇಕ ಪರೀಕ್ಷೆ ಮತ್ತು ಪ್ರಶ್ನಾವಳಿಗಳು ಹೊರದೇಶದ ಬದುಕನ್ನು ನೋಡಿ ಮಾಡಿದವು. ಮಗು ಫೋರ್ಕ್ ಹಿಡಿಯುತ್ತದೆಯೇ ಎಂದು ಕೇಳಿದರೆ ನಮ್ಮ ಕಡೆಯ ಮಗುವಿನ ಬಗ್ಗೆ ಏನೂ ತಿಳಿಯುವುದಿಲ್ಲ. ಕೈಯಲ್ಲಿ ಗಂಜಿ ಉಣ್ಣುವ, ನೆಲದ ಮೇಲೆ ಚಕ್ಕಳಮಕ್ಕಳ ಕೂರುವ, ಮನೆಯಲ್ಲಿ ತುಳು, ಹೊರಗೆ ಮಲಯಾಳ, ಶಾಲೆಯಲ್ಲಿ ಕನ್ನಡ ಕೇಳುವ ಮಗುವಿಗೆ ಯಾವ ಪ್ರಶ್ನೆ ಸರಿ ಎಂಬುದನ್ನು ಈ ಊರಿನಿಂದ ಹೋಗಿ ಓದಿದವರು ಬೇಗ ಹಿಡಿಯಬಲ್ಲರು.

ಆನ್‌ಲೈನ್ ಸರ್ಟಿಫಿಕೇಟ್ ಸಾಕಾಗುವುದಿಲ್ಲವೇ?

ಸಾಕಾಗುವುದಿಲ್ಲ. ವಿಶ್ವ ಒಕ್ಕೂಟದ ಕನಿಷ್ಠ ಮಾನದಂಡದ ಪ್ರಕಾರ ವಿದ್ಯಾರ್ಥಿ ಕನಿಷ್ಠ 1,000 ಗಂಟೆ ಮೇಲ್ವಿಚಾರಣೆಯಲ್ಲಿ ನೇರ ಕ್ಷೇತ್ರಕಾರ್ಯ ಮಾಡಿರಬೇಕು. ಮೊಬೈಲ್‌ನಲ್ಲಿ ಹತ್ತು ದಿನ ವಿಡಿಯೊ ನೋಡಿ ಪಡೆದ ಸರ್ಟಿಫಿಕೇಟ್ ಯಾರನ್ನೂ ಥೆರಪಿಸ್ಟ್ ಮಾಡುವುದಿಲ್ಲ.

ಕಾನೂನೂ ಈಗ ಸ್ಪಷ್ಟವಾಗಿದೆ. 2021ರ ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯ ಸೇವಾ ವೃತ್ತಿಗಳ ಆಯೋಗ ಕಾಯ್ದೆ ಆಕ್ಯುಪೇಷನಲ್ ಥೆರಪಿಯನ್ನು ಮಾನ್ಯ ವೃತ್ತಿಗಳ ಪಟ್ಟಿಗೆ ಸೇರಿಸಿದೆ. ರಾಜ್ಯ ಮಂಡಳಿಗಳು ಅರ್ಹರ ನೋಂದಣಿ ಇಡಬೇಕೆಂಬುದು ಅದರ ವ್ಯವಸ್ಥೆ. ‘ಆರ್‌ಸಿಐ ನಂಬರ್ ಇದೆ, ಹಾಗಾಗಿ ಓಟಿ ಮಾಡಬಹುದು’ ಎಂಬ ಮಾತೂ ಕೇಳಿಬರುತ್ತದೆ. ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ವಿಶೇಷ ಶಿಕ್ಷಕರು, ವಾಕ್-ಶ್ರವಣ ತಜ್ಞರು, ಕ್ಲಿನಿಕಲ್ ಸೈಕಾಲಜಿಸ್ಟ್‌ ಮೊದಲಾದವರನ್ನು ನೋಂದಾಯಿಸುವ ಸಂಸ್ಥೆ. ಆಕ್ಯುಪೇಷನಲ್ ಥೆರಪಿಸ್ಟ್‌ಗಳು ಅದರ ಪಟ್ಟಿಯಲ್ಲಿಲ್ಲ.

ಹಾಗೆಯೇ ‘ಓಟಿಯಿಂದ ಆಟಿಸಂ ಪೂರ್ತಿ ಗುಣ’ ಎಂಬ ಭರವಸೆಯನ್ನೂ ನಂಬಬೇಡಿ. ಆಟಿಸಂ ವಾಸಿಯಾಗುವ ಕಾಯಿಲೆಯಲ್ಲ, ಮಿದುಳಿನ ಬೆಳವಣಿಗೆಯ ಭಿನ್ನ ರೀತಿ. ಮಗು ತನ್ನ ಕೆಲಸ ತಾನು ಮಾಡಿಕೊಳ್ಳಲು, ಶಾಲೆಯಲ್ಲಿ ಹೊಂದಿಕೊಳ್ಳಲು ಈ ಚಿಕಿತ್ಸೆ ನೆರವಾಗಬಹುದು. ಗುಣ ಮಾಡುತ್ತೇವೆ ಎನ್ನುವವರ ಬಳಿ ಕಳೆಯುವುದು ದುಡ್ಡು ಮಾತ್ರವಲ್ಲ, ಮಗುವಿನ ಮೊದಲ ವರ್ಷಗಳೂ ಹೌದು. ಅವು ತಿರುಗಿ ಬರುವುದಿಲ್ಲ.

ಈಗಾಗಲೇ ಬಿಎ, ಬಿಕಾಂ ಮುಗಿಸಿದವರು ಏನು ಮಾಡಬಹುದು?

ಅಂಗವಿಕಲರ ಜೊತೆ ಕೆಲಸ ಮಾಡುವ ಮನಸ್ಸಿದ್ದರೆ ಬೇರೆ ಮಾನ್ಯ ದಾರಿಗಳಿವೆ. ಆರ್‌ಸಿಐ ಮಾನ್ಯತೆಯ ವಿಶೇಷ ಶಿಕ್ಷಣದ ಬಿ.ಎಡ್ ಒಂದು. ಸಮಾಜಕಾರ್ಯದ ಎಂಎಸ್‌ಡಬ್ಲ್ಯು ಇನ್ನೊಂದು. ಇವು ಆಕ್ಯುಪೇಷನಲ್ ಥೆರಪಿಗೆ ಅಡ್ಡದಾರಿಗಳಲ್ಲ, ತಮ್ಮದೇ ಗೌರವ ಇರುವ ವೃತ್ತಿಗಳು. ವಿದೇಶದ ಮಾಸ್ಟರ್ಸ್ ಬಗ್ಗೆ ಯೋಚಿಸುವವರು ಒಂದು ವಿಷಯ ಖಚಿತಪಡಿಸಿಕೊಳ್ಳಬೇಕು: ಆ ಕೋರ್ಸ್ ಹೊಸಬರನ್ನು ವೃತ್ತಿಗೆ ಸಿದ್ಧ ಮಾಡುವುದೋ, ಅಥವಾ ಈಗಾಗಲೇ ಥೆರಪಿಸ್ಟ್ ಆಗಿರುವವರಿಗೆ ಮಾತ್ರವೋ? ಎರಡನೆಯದನ್ನು ಓದಿ ಬಂದರೆ ಲೈಸೆನ್ಸ್ ಸಿಗುವುದಿಲ್ಲ, ಸಾಲ ಮಾತ್ರ ಉಳಿಯುತ್ತದೆ.

ಫಾರ್ವರ್ಡ್ ಮಾಡುವ ಮೊದಲು

ಮೂರು ಪ್ರಶ್ನೆ ಕೇಳಿ. ಈ ಸಂದೇಶ ಯಾವ ದೇಶದ ನಿಯಮ ಹೇಳುತ್ತಿದೆ? ಪದವಿ ಕೊಡುವುದು ಯಾವ ವಿಶ್ವವಿದ್ಯಾಲಯ, ಮತ್ತು ಆ ಕೋರ್ಸ್ ಅದರ ಸ್ವಂತ ವೆಬ್‌ಸೈಟ್‌ನಲ್ಲಿ ಇದೆಯೇ? ಕಲಿಯುವಾಗ ರೋಗಿಗಳನ್ನು ಎಲ್ಲಿ, ಯಾರ ಮೇಲ್ವಿಚಾರಣೆಯಲ್ಲಿ ನೋಡುತ್ತೇವೆ? ಮೂರಕ್ಕೂ ಉತ್ತರ ಸಿಗದಿದ್ದರೆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ.

ಇನ್ನು ನಿಮ್ಮ ಮನೆಯಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಯಾವ ಕಾಂಬಿನೇಷನ್ ತೆಗೆದುಕೊಳ್ಳಲಿ ಎಂದು ಕೇಳುತ್ತಿರುವ ಮಗುವಿದ್ದರೆ, ಡಾಕ್ಟರ್, ಎಂಜಿನಿಯರ್, ನರ್ಸ್ ಎಂಬ ಪಟ್ಟಿಗೆ ಈ ಹೆಸರನ್ನೂ ಸೇರಿಸಿ ಹೇಳಿ. ಈ ವೃತ್ತಿಗೆ ಬರುವ ಸರಿಯಾದ ಸಮಯ ಅದೇ. ಫಾರ್ವರ್ಡ್ ಬಂದು ತಲುಪುವ ಹೊತ್ತಿಗೆ ಐದು ವರ್ಷ ತಡವಾಗಿರುತ್ತದೆ.