ಬೀರುವಿನಲ್ಲಿ ಬೀಗ ಹಾಕಿಟ್ಟ ಗಣಿತ



ಕಳೆದ ವಾರ ಅಮೆರಿಕದಿಂದ ಹಳೆಯ ವಿದ್ಯಾರ್ಥಿಯೊಬ್ಬನ ಮಿಂಚಂಚೆ ಬಂದಿತು. ನಂಜನಗೂಡಿನಿಂದ ತಿರುಮಕೂಡಲು ನರಸೀಪುರಕ್ಕೆ ಹೋಗುವ ದಾರಿಯ ಶಾಲೆಯೊಂದರಲ್ಲಿ ನನ್ನ ಬಳಿ ಗಣಿತ ಕಲಿತವನು. “ಸಾರ್, ಮಗಳಿಗೆ ಗ್ರಾಫಿಂಗ್ ಕ್ಯಾಲ್ಕುಲೇಟರ್ ಕೊಳ್ಳಬೇಕು. ನಮ್ಮೂರ ಶಾಲೆಗೂ ಹತ್ತು ಕಳಿಸೋಣವೆಂದಿದ್ದೇನೆ. ಗಣಿತಕ್ಕೆ ಯಾವುದು ಒಳ್ಳೆಯದು, ಪ್ರೋಗ್ರಾಂ ಬರೆಯಲು ಯಾವುದು? ಮಗಳಂತೂ ಆಟವಿರುವುದೇ ಬೇಕೆನ್ನುತ್ತಾಳೆ” ಎಂದು ಕೇಳಿದ್ದಾನೆ. ಉತ್ತರಿಸುವ ಮೊದಲು ನನ್ನದೊಂದು ತಪ್ಪನ್ನು ನಿಮ್ಮೆಲ್ಲರೆದುರು ಒಪ್ಪಿಕೊಳ್ಳಬೇಕಾಗಿದೆ.

1991ನೆಯ ಇಸವಿ. ಆಗ ಹತ್ತನೆಯ ತರಗತಿಯಲ್ಲಿದ್ದ ಇವನಿಗೆ ಸೋದರಮಾವ ವಿದೇಶದಿಂದ ಕ್ಯಾಸಿಯೊ ಎಫ್‌ಎಕ್ಸ್-7000ಜಿ ತಂದುಕೊಟ್ಟಿದ್ದರು. 1985ರಲ್ಲಿ ಹೊರಬಂದ ಆ ಯಂತ್ರವೇ ಮಾರುಕಟ್ಟೆ ಕಂಡ ಮೊದಲ ಗ್ರಾಫಿಂಗ್ ಕ್ಯಾಲ್ಕುಲೇಟರ್. ಪ್ರೋಗ್ರಾಮಿಗೆ ಅದರಲ್ಲಿದ್ದ ಜಾಗ ಕೇವಲ 422 ಹೆಜ್ಜೆಗಳು. ಅಷ್ಟರಲ್ಲೇ ಹುಡುಗ ಒಂದು ಆಟ ಬರೆದಿದ್ದ. ಯಂತ್ರ ಒಂದರಿಂದ ನೂರರೊಳಗಿನ ಸಂಖ್ಯೆಯೊಂದನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತದೆ. ನಾವು ಊಹಿಸಿದರೆ ಹೆಚ್ಚೋ ಕಡಿಮೆಯೋ ಹೇಳುತ್ತದೆ. ಹಿಂದಿನ ಬೆಂಚಿನಲ್ಲಿ ನಗು ಕೇಳಿಸಿತು. ನಾನು ಹೋಗಿ ಕಿತ್ತುಕೊಂಡೆ. “ಏಳೇ ಸಲದಲ್ಲಿ ಯಾವ ಸಂಖ್ಯೆಯನ್ನಾದರೂ ಕಂಡುಹಿಡಿಯಬಹುದು ಸಾರ್” ಎಂದು ಅವನು ಹೇಳುತ್ತಲೇ ಇದ್ದ. ನಾನು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಪರೀಕ್ಷೆ ಮುಗಿಯುವವರೆಗೂ ತೆಗೆಯಲಿಲ್ಲ.

ಅವನ ಮಾತು ನಿಜವಾಗಿತ್ತು. ಪ್ರತಿ ಸಲವೂ ಉಳಿದವುಗಳ ನಡುವಿನ ಸಂಖ್ಯೆಯನ್ನು ಕೇಳುತ್ತ ಹೋದರೆ ನೂರು ಐವತ್ತಾಗಿ, ಐವತ್ತು ಇಪ್ಪತ್ತೈದಾಗಿ, ಏಳನೆಯ ಪ್ರಶ್ನೆಗೆ ಗುಟ್ಟು ರಟ್ಟಾಗುತ್ತದೆ. ಎರಡರ ಏಳನೆಯ ಘಾತ 128, ಅದು ನೂರಕ್ಕಿಂತ ದೊಡ್ಡದು. ಇದನ್ನೇ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಬೈನರಿ ಸರ್ಚ್ ಎಂದು ಬೋಧಿಸುತ್ತಾರೆ. ಹದಿನೈದರ ಹುಡುಗ ತಾನೇ ಕಂಡುಕೊಂಡದ್ದನ್ನು ಗಣಿತದ ಮೇಷ್ಟ್ರಾದ ನಾನು ಶಿಸ್ತಿನ ಹೆಸರಿನಲ್ಲಿ ಮುಚ್ಚಿಟ್ಟೆ.

ಅದೇ ವಾರ ನಾನು ಕರಿಹಲಗೆಯ ಮೇಲೆ ಎಕ್ಸ್ ವರ್ಗ ಮೈನಸ್ ಎಕ್ಸ್ ಮೈನಸ್ ಎರಡರ ನಕ್ಷೆ ಬಿಡಿಸುತ್ತಿದ್ದೆ. ಸೊನ್ನೆಗೂ ಒಂದಕ್ಕೂ ಬೆಲೆ ಮೈನಸ್ ಎರಡೇ ಬರುವುದರಿಂದ ಅರ್ಧ ತರಗತಿ ಆ ಎರಡು ಬಿಂದುಗಳನ್ನು ಸ್ಕೇಲಿನಿಂದ ಸೇರಿಸಿ, ತಳ ಚಪ್ಪಟೆಯಾದ ಬಾಣಲೆ ಬರೆದಿತ್ತು. ನಡುವೆ, ಅರ್ಧದ ಬಳಿ, ರೇಖೆ ಮೈನಸ್ ಎರಡೂಕಾಲಿಗೆ ಇಳಿದು ಮೇಲೇರುತ್ತದೆಂದು ನಾನು ಗಂಟಲು ಹರಿದುಕೊಂಡೆ. ಅದನ್ನು ಕಣ್ಣಿಗೆ ತೋರಿಸಬಲ್ಲ ಯಂತ್ರ ಬೀರುವಿನಲ್ಲಿ ಬಿದ್ದಿತ್ತು!

ಇನ್ನು ಮಾದರಿಗಳ ವಿಚಾರ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನವರ ಟಿಐ-84 ಪ್ಲಸ್ 2004ರದು. ಪರದೆಯಲ್ಲಿರುವುದು ಅಡ್ಡಕ್ಕೆ 96, ಉದ್ದಕ್ಕೆ 64 ಚುಕ್ಕೆಗಳಷ್ಟೇ. 2015ರ ಟಿಐ-84 ಪ್ಲಸ್ ಸಿಇಗೆ ಬಣ್ಣದ ಪರದೆ ಬಂತು. ಕ್ಯಾಸಿಯೊ ಎಫ್‌ಎಕ್ಸ್-ಸಿಜಿ50 ಮತ್ತು ಫ್ರಾನ್ಸಿನ ನಮ್‌ವರ್ಕ್ಸ್ 2017ರವು. ಎರಡರಲ್ಲೂ ಪೈಥಾನ್ ಬರೆಯಬಹುದು. 2013ರ ಎಚ್‌ಪಿ ಪ್ರೈಮ್ ಬೀಜಗಣಿತವನ್ನು ಅಕ್ಷರಗಳಲ್ಲಿಯೇ ಬಿಡಿಸುತ್ತದೆ. ಶಾಲೆಯ ಗಣಿತಕ್ಕೆ ಇವೆಲ್ಲವೂ ಸಾಕು. ನಕ್ಷೆ ಬರೆಯುವುದರಲ್ಲಿ ಇವುಗಳ ನಡುವೆ ಜಗಳವಾಡುವಷ್ಟು ಅಂತರವಿಲ್ಲ. ನಿಜವಾದ ಅಂತರವಿರುವುದು ಒಂದೇ ಕಡೆ: ಮಗು ಹೇಳಿದ್ದನ್ನು ಯಂತ್ರ ಎಷ್ಟರಮಟ್ಟಿಗೆ ಕೇಳುತ್ತದೆ?

ಈ ವಿಷಯದಲ್ಲಿ ಪರೀಕ್ಷೆಯ ಭಯ ಅಲ್ಲಿಯೂ ಇದೆ. 2020ರಲ್ಲಿ ಟಿಐ ಕಂಪನಿ ಹೊಸ ತಂತ್ರಾಂಶದ ಮೂಲಕ ಸಿಇ ಮಾದರಿಗಳಲ್ಲಿ ಅಸೆಂಬ್ಲಿ ಮತ್ತು ಸಿ ಭಾಷೆಯ ಪ್ರೋಗ್ರಾಂಗಳಿಗೆ ಬಾಗಿಲು ಮುಚ್ಚಿತು. ಅಲ್ಲಿನ ಹುಡುಗರು ಒಳ್ಳೊಳ್ಳೆಯ ಆಟಗಳನ್ನು ಬರೆಯುತ್ತಿದ್ದುದು ಅವುಗಳಲ್ಲಿಯೇ. ನಮ್ಮಲ್ಲಿ ಇನ್ನೂ ವಿಚಿತ್ರ. ಎಸ್‌ಎಸ್‌ಎಲ್‌ಸಿಯಲ್ಲಿ ಕ್ಯಾಲ್ಕುಲೇಟರ್ ಇಲ್ಲ, ಜೆಇಇ ಮೈನ್‌ನಲ್ಲಿ ಇಲ್ಲ. ಇಂಜಿನಿಯರಿಂಗ್ ಸೇರಿದ ಮೇಲೆ ಅನುಮತಿ ಸಿಗುವುದು “ಪ್ರೋಗ್ರಾಂ ಮಾಡಲಾಗದ” ಯಂತ್ರಕ್ಕೆ! ಪಾಠ ಹೇಳಿಸಿಕೊಳ್ಳಲಾರದ ಯಂತ್ರವೇ ನಮಗೆ ಪ್ರಿಯ.

“ನಕಲು ಹೊಡೆಯುತ್ತಾರಲ್ಲ ಮೇಷ್ಟ್ರೇ?” ಎನ್ನುವಿರಿ. ಒಪ್ಪಿದೆ, ಪರೀಕ್ಷಾ ಕೊಠಡಿಯ ಹೊರಗಿಡಿ. ಆದರೆ ಮೂರು ಗಂಟೆಯ ನಿಷೇಧವನ್ನು ಇಡೀ ವರ್ಷಕ್ಕೆ ಹರಡಿದವರು ಯಾರು? ನನ್ನಂತಹ ಮೇಷ್ಟ್ರುಗಳೇ. “ಮಗ್ಗಿ ಮರೆತುಹೋಗುತ್ತದೆ” ಎನ್ನುವವರಿಗೂ ಒಂದು ಮಾತು. ಮಗ್ಗಿ ಬಾಯಲ್ಲಿರಲಿ, ನಾನೂ ಬಿಡುವವನಲ್ಲ. ಆದರೆ ರೇಖೆ ಏಕೆ ಬಾಗುತ್ತದೆಂಬುದನ್ನು ಯಾವ ಮಗ್ಗಿಯೂ ಹೇಳುವುದಿಲ್ಲ.

ಆಟವೆಂದರೆ ಮೂಗು ಮುರಿಯುವವರು ನಮ್ಮ ನೆಲದ ಚರಿತ್ರೆಯನ್ನೇ ನೋಡಲಿ. ನಂಜುಂಡೇಶ್ವರನ ಪರಮಭಕ್ತರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು ಹಲಗೆಯಾಟಗಳನ್ನು ತಾವೇ ರಚಿಸಿದವರು. ಚದುರಂಗದ ಕುದುರೆಯನ್ನು ಪ್ರತಿ ಮನೆಗೂ ಒಂದೇ ಒಂದು ಬಾರಿ ಹಾಯಿಸುವ ಸಮಸ್ಯೆಗೆ ಪರಿಹಾರಗಳನ್ನು ಹೆಣೆದವರು. ಅರಸರು ಆಡಿದರೆ ಕೌತುಕ, ರೈತನ ಮಗ ಆಡಿದರೆ ಪೋಕರಿತನವೇ? ನಮ್ಮ ಅಜ್ಜಿಯರು ಅಳಗುಳಿಮಣೆಯ ಹುಣಸೆಬೀಜಗಳನ್ನು ಕೈಯಲ್ಲಿ ತೂಗುತ್ತ, ಕೊನೆಯ ಬೀಜ ಯಾವ ಗುಳಿಗೆ ಬೀಳುವುದೆಂದು ಲೆಕ್ಕ ಹಾಕುತ್ತಿದ್ದುದು ಗಣಿತವಲ್ಲದೆ ಇನ್ನೇನು?

ಆದ್ದರಿಂದ, ಮಗೂ, ನನ್ನ ಉತ್ತರ ಇದು. ನಿನ್ನ ಮಗಳಿಗೆ ಪೈಥಾನ್ ಇರುವ ಯಾವುದಾದರೊಂದನ್ನು ಕೊಡಿಸು. ಸಿದ್ಧ ಆಟಗಳನ್ನು ತುಂಬಿಕೊಡಬೇಡ, ಮೊದಲ ಆಟವನ್ನು ಅವಳೇ ಬರೆಯಲಿ. ನಮ್ಮೂರ ಶಾಲೆಗೆ ಹತ್ತು ಯಂತ್ರ ಬೇಡ. ಇಷ್ಟು ಬೆಲೆಬಾಳುವ ವಸ್ತು ಬಂದರೆ ಅದಕ್ಕೂ ಬೀಗ ಬೀಳುತ್ತದೆ, ನಾನು ಬಲ್ಲೆ. ಜಿಯೋಜೀಬ್ರಾ, ಡೆಸ್ಮಾಸ್ ಇವೆರಡೂ ಉಚಿತ. ಮನೆಯ ಹಳೆಯ ಫೋನಿನಲ್ಲಿಯೂ ನಕ್ಷೆ ಬಿಡಿಸುತ್ತವೆ. ಆ ಹಣದಲ್ಲಿ ರಜೆಗೆ ಊರಿಗೆ ಬಾ. ಮಕ್ಕಳನ್ನು ಕೂರಿಸಿಕೊಂಡು ನಿನ್ನ ಆ ಏಳು ಪ್ರಶ್ನೆಗಳ ಆಟವನ್ನು ಮತ್ತೆ ಬರೆದು ತೋರಿಸು.

ಹಿಂದಿನ ಬೆಂಚಿನಲ್ಲಿ ನಾನೂ ಕುಳಿತಿರುತ್ತೇನೆ. ಈ ಬಾರಿ ಪೂರ್ತಿ ಕೇಳಿಸಿಕೊಳ್ಳುತ್ತೇನೆ.