ಮುಖ ತೋರಿಸದ ಹೀರೋ, ಕದ್ದುಹೋದ ಟ್ಯೂನು!

ಹೋದ ವಾರ ಬಂದ ಕಾಗದಗಳ ಕಟ್ಟಿನಲ್ಲಿ ಒಂದೇ ಒಂದು ಕಾಗದ ನನ್ನ ನಿದ್ದೆ ಕೆಡಿಸಿತು, ಗೆಳೆಯರೇ.

'ಆ ನಟಿಗೆ ವಯಸ್ಸೆಷ್ಟು?', 'ಮುಂದಿನ ಚಿತ್ರ ಯಾವಾಗ?', 'ನನಗೂ ಒಂದು ಚಾನ್ಸ್ ಕೊಡಿಸಿ ಸಾರ್' - ಇವೆಲ್ಲ ಇದ್ದದ್ದೇ. ಆದರೆ ತಿಪಟೂರು ಕಡೆಯ ಈ ಹುಡುಗನ ಸಂಗತಿ ಬೇರೆ. ಹಗಲು ಮೊಬೈಲ್ ರಿಪೇರಿ, ರಾತ್ರಿ ಕಂಪ್ಯೂಟರಿನಲ್ಲಿ ಸಂಗೀತ. ಹಾಡಿಲ್ಲ, ಹಾಡುಗಾರನಿಲ್ಲ. ಬರೀ ಬೀಟು, ಬರೀ ಯಂತ್ರದ ನಾದ. ಅವನ ಒಂದು ಟ್ಯೂನು ಕೇಳಿದ ಯಾರೋ ಒಬ್ಬರು 'ಇಪ್ಪತ್ತೈದು ಸಾವಿರ ಕೊಡ್ತೀವಿ, ಸಹಿ ಹಾಕು' ಅಂದಿದ್ದಾರಂತೆ. ಇಂಗ್ಲಿಷಿನಲ್ಲಿ ಆರು ಪುಟ. ಮುಂದಿನ ತಿಂಗಳು ಅಕ್ಕನ ಮದುವೆ. 'ಹಾಕ್ಲಾ ಸಾರ್? ಇಲ್ಲಾ ನಾನೇ ಒಂದು ಸಣ್ಣ ಲೇಬಲ್ ಶುರು ಮಾಡ್ಲಾ? ಅಪ್ಪನ್ನ ಕೇಳಿದ್ರೆ ಬೈತಾರೆ.'

ತಮ್ಮಾ, ಉತ್ತರ ಕೊಡ್ತೀನಿ. ಅದಕ್ಕೆ ಮುಂಚೆ ಒಂದು ಕಥೆ. ಇಂಟರ್‌ವಲ್ ಇಲ್ಲದ ಕಥೆ. ಎದ್ದು ಹೋಗಬೇಡ.

ನಾನೂ ಒಂದು ಕಾಲಕ್ಕೆ ಡಿಜೆಯೇ! ನಗಬೇಡಿ. ಆಗ ಆ ಹೆಸರಿರಲಿಲ್ಲ, ಅಷ್ಟೆ. ನಮ್ಮೂರ ಟೂರಿಂಗ್ ಟಾಕೀಸಿನಲ್ಲಿ ಸಂಜೆ ಆಟಕ್ಕೆ ಮುಂಚೆ ರೆಕಾರ್ಡು ಹಾಕುವ ಹುಡುಗ ನಾನು. ಡೇರೆಯ ಮೇಲೆ ಕಟ್ಟಿದ ಹಾರನ್ನು, ಕೆಳಗೆ ತಿರುಗುವ ತಟ್ಟೆ. ಯಾವ ಹಾಡಿಗೆ ಹೊಲದಿಂದ ಜನ ಎದ್ದು ಬರ್ತಾರೆ, ಯಾವ ಹಾಡಿಗೆ ಕ್ಯೂ ಕರಗುತ್ತೆ, ಎಲ್ಲಾ ಬಾಯಿಪಾಠ. ಗಲ್ಲಾಪೆಟ್ಟಿಗೆ ತುಂಬುವುದು ನನ್ನ ಸೂಜಿಯ ತುದಿಯಲ್ಲೇ ಅಂತ ನನ್ನ ಜಂಬ. ನನ್ನ ಮುಖ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಹೀಗೆ ಮುಖವೇ ಗೊತ್ತಿಲ್ಲದ ಒಬ್ಬ ಭಾರೀ ಹೀರೋ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿದ್ದಾನೆ. ಅವನೇ ಬೇಕಂತ ಮುಖ ಮುಚ್ಚಿಕೊಂಡವನು!

ಡೆಟ್ರಾಯಿಟ್ ಅಂದರೆ ಮೋಟಾರು ಕಾರಿನ ತವರು. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಮುಚ್ಚಿ, ಜನ ಊರು ಬಿಟ್ಟು, ಬೀದಿಗೆ ಬೀದಿಯೇ ಪಾಳುಬಿದ್ದ ಕಾಲವದು. ಹತ್ತಿರದ ಬೆಲ್‌ವಿಲ್ ಎಂಬಲ್ಲಿ ಒಂದೇ ಸ್ಕೂಲಿನಲ್ಲಿ ಓದಿದ ಮೂವರು ಕಪ್ಪು ಹುಡುಗರು - ಹ್ವಾನ್ ಅಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್. ರಾತ್ರಿ ರೇಡಿಯೋದಲ್ಲಿ 'ಎಲೆಕ್ಟ್ರಿಫೈಯಿಂಗ್ ಮೋಜೋ' ಎಂಬ ಉದ್ಘೋಷಕ ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ ಯಂತ್ರಸಂಗೀತವನ್ನೂ ಅಮೆರಿಕದ ಕಪ್ಪು ಜನರ ಫಂಕ್ ಸಂಗೀತವನ್ನೂ ಒಂದೇ ಉಸಿರಿಗೆ ಹಾಕುತ್ತಿದ್ದ. ಹುಡುಗರ ತಲೆಯಲ್ಲಿ ಎರಡೂ ಕಲಸಿಹೋದವು. ಹುಟ್ಟಿದ ಮಗುವಿನ ಹೆಸರೇ ಟೆಕ್ನೋ!

ಅಟ್ಕಿನ್ಸ್ ಯಾವ ಕಂಪನಿಯ ಬಾಗಿಲೂ ಕಾಯಲಿಲ್ಲ. 1981ರಲ್ಲಿ ರಿಕ್ ಡೇವಿಸ್ ಜೊತೆ ಸೇರಿ ಮಾಡಿದ ಮೊದಲ ರೆಕಾರ್ಡನ್ನು ತಮ್ಮದೇ ಲೇಬಲ್ಲಿನಲ್ಲಿ ಹೊರತಂದ. 1985ರಲ್ಲಿ ತನ್ನ 'ಮೆಟ್ರೋಪ್ಲೆಕ್ಸ್' ಕಟ್ಟಿದ. ಮರುವರ್ಷ ಡೆರಿಕ್ ಮೇ 'ಟ್ರಾನ್ಸ್‌ಮ್ಯಾಟ್' ಶುರು ಮಾಡಿದ. ಸಾಂಡರ್ಸನ್ನದು 'ಕೆಎಂಎಸ್'.

ಲೇಬಲ್ ಓನರ್ ಅಂದರೆ ದೊಡ್ಡ ಆಫೀಸು, ತಿರುಗುವ ಕುರ್ಚಿ ಅಂದುಕೊಂಡಿರಾ? ಟ್ಯೂನು ಮಾಡುವವನೂ ಅವನೇ, ಮಲಗುವ ಕೋಣೆಯಲ್ಲಿ ರೆಕಾರ್ಡ್ ಮಾಡುವವನೂ ಅವನೇ, ಅಚ್ಚಿನ ಕಾರ್ಖಾನೆಗೆ ಮುಂಗಡ ಕಟ್ಟುವವನೂ ಅವನೇ, ಡಬ್ಬಗಳನ್ನು ಕಾರಿನ ಡಿಕ್ಕಿಗೆ ತುಂಬಿ ಅಂಗಡಿ ಅಂಗಡಿ ಅಲೆಯುವವನೂ ಅವನೇ. ನಿರ್ಮಾಪಕ, ನಿರ್ದೇಶಕ, ಹಂಚಿಕೆದಾರ, ಪೋಸ್ಟರ್ ಅಂಟಿಸುವವ ಎಲ್ಲ ಒಬ್ಬನೇ!

ವಾದ್ಯಗಳೋ, ಹೆಚ್ಚಾಗಿ ಸೆಕೆಂಡ್ ಹ್ಯಾಂಡು. ಜಪಾನಿನ ರೋಲ್ಯಾಂಡ್ ಕಂಪನಿಯ ಟಿಬಿ-303 ಎಂಬ ಪುಟ್ಟ ಪೆಟ್ಟಿಗೆ ಗಿಟಾರ್ ನುಡಿಸುವವರಿಗೆ ಬಾಸ್ ಜೊತೆ ಕೊಡಲೆಂದು ಬಂದದ್ದು. ಮಾರುಕಟ್ಟೆಯಲ್ಲಿ ಮಕಾಡೆ ಮಲಗಿತು. 1984ಕ್ಕೆ ತಯಾರಿಕೆಯೇ ನಿಂತಿತು. ಬಡ ಹುಡುಗರ ಕೈಗೆ ಅಗ್ಗಕ್ಕೆ ಸಿಕ್ಕಿತು. ಷಿಕಾಗೋದ ಹುಡುಗರು ಅದರ ಗುಬಟು ಬೇಕಾಬಿಟ್ಟಿ ತಿರುಗಿಸಿ ಕಿರುಚಿಸಿದರು. ಆ ಕಿರುಚಾಟ 1987ರಲ್ಲಿ ರೆಕಾರ್ಡಾಗಿ ಬಂತು. ಅದಕ್ಕೆ 'ಆ್ಯಸಿಡ್ ಹೌಸ್' ಅಂತ ಲೋಕವೇ ಕುಣಿಯಿತು. ಪ್ಲಾಪ್ ಆದ ಪೆಟ್ಟಿಗೆಯೇ ಸೂಪರ್ ಹಿಟ್!

ಇನ್ನು ನಮ್ಮ ಮುಸುಕಿನ ಹೀರೋ. ಹೆಸರು ಮೈಕ್ ಬ್ಯಾಂಕ್ಸ್, ಸ್ಟುಡಿಯೋಗಳಲ್ಲಿ ವಾದ್ಯ ನುಡಿಸಿಕೊಂಡಿದ್ದವನು. ಜೊತೆಗೆ ಡೆಟ್ರಾಯಿಟ್ ರೇಡಿಯೋದಲ್ಲಿ 'ವಿಜರ್ಡ್' ಎಂದೇ ಹೆಸರಾಗಿದ್ದ ಜೆಫ್ ಮಿಲ್ಸ್, ಮೂರು ತಟ್ಟೆಗಳನ್ನು ಒಟ್ಟಿಗೆ ಓಡಿಸುವ ಗಾರುಡಿಗ! 1990ರ ಹೊತ್ತಿಗೆ ಇವರಿಬ್ಬರೂ ಕಟ್ಟಿದ ತಂಡ, ಲೇಬಲ್ಲು ಎರಡೂ 'ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್'. ಅಂಡರ್‌ಗ್ರೌಂಡ್ ಅಂದ ಕೂಡಲೇ ಲಾಂಗು, ಮಚ್ಚು ನೆನಪಾಯಿತೆ? ಅದಲ್ಲ ಮಾರಾಯ್ರೆ! ದೊಡ್ಡ ಕಂಪನಿಗಳ ಕೈಗೆ ಸಿಗದೆ ಬದುಕುವುದು ಅಂತ ಅರ್ಥ. ಬ್ಯಾಂಕ್ಸ್ ಫೋಟೋಕ್ಕೆ ಮುಖ ಕೊಡುವುದಿಲ್ಲ. ಕೇಳಬೇಕಾದ್ದು ಸಂಗೀತ, ನೋಡಬೇಕಾದ್ದು ಮೂತಿಯಲ್ಲ ಎಂಬ ಹಟ. ರೆಕಾರ್ಡಿನ ಕೊನೆಯ ಗೀರುಗಳ ಪಕ್ಕದ ಖಾಲಿ ಜಾಗದಲ್ಲಿ ಸಣ್ಣದಾಗಿ ಸಂದೇಶ ಕೊರೆಸುತ್ತಿದ್ದರು. ಕೊಂಡವನಿಗೆ ಮಾತ್ರ ಆ ಗುಟ್ಟು!

ಈಗ ಬರುತ್ತೆ ವಿಲನ್ ಎಂಟ್ರಿ.

1999ರಲ್ಲಿ ಈ ತಂಡದ ಡಿಜೆ ರೋಲ್ಯಾಂಡೋ 'ನೈಟ್ಸ್ ಆಫ್ ದಿ ಜಾಗ್ವಾರ್' ಎಂಬ ರೆಕಾರ್ಡು ಬಿಟ್ಟ. ತಂತಿವಾದ್ಯಗಳ ಅಲೆ, ಕೆಳಗೆ ಎದೆ ಬಡಿತದಂಥ ಬೀಟು. ಯೂರೋಪಿನ ಕ್ಲಬ್ಬುಗಳೆಲ್ಲ ಹುಚ್ಚೆದ್ದವು. ಸೋನಿ ಕಂಪನಿಯ ಜರ್ಮನ್ ಶಾಖೆಗೆ ಅದು ಬೇಕಾಯಿತು. ತಂಡದವರು ಒಪ್ಪಲಿಲ್ಲ. ಕಂಪನಿ ಏನು ಮಾಡಿತು ಗೊತ್ತೆ? ಬೇರೆಯವರನ್ನು ಕೂರಿಸಿ ಅದೇ ಟ್ಯೂನನ್ನು ಸ್ವರಕ್ಕೆ ಸ್ವರ ನಕಲು ಮಾಡಿಸಿತು!

ಒಂದು ಕಡೆ ಲೋಕ ತುಂಬಾ ಕಚೇರಿಗಳಿದ್ದ ಕಂಪನಿ, ಇನ್ನೊಂದು ಕಡೆ ಡೆಟ್ರಾಯಿಟ್ಟಿನ ಬೆರಳೆಣಿಕೆಯ ಹುಡುಗರು. ಆದರೆ ಅವರ ಹತ್ತಿರ ಒಂದು ಆಸ್ತಿಯಿತ್ತು - ಅಭಿಮಾನಿಗಳು. ದೇಶ ದೇಶಗಳಿಂದ ಪ್ರತಿಭಟನೆಯ ಇ-ಮೇಲುಗಳ ಮಳೆ ಸುರಿಯಿತು. ಕಂಪನಿ ಹಿಂದೆ ಸರಿಯಿತು. ನಕಲು ಆಮೇಲೆ ಇನ್ನೊಂದು ದೊಡ್ಡ ಕಂಪನಿಯ ಕೈಗೆ ಹೋಯಿತು. ಸೇಡು ಹೇಗೆ ತೀರಿಸಿಕೊಂಡರು? 2000ದಲ್ಲಿ ಅದೇ ಟ್ಯೂನಿನ ಹೊಸ ರೂಪಗಳ ರೆಕಾರ್ಡು ಬಿಟ್ಟು. ಹೆಸರೇ 'ರಿವೆಂಜ್ ಆಫ್ ದಿ ಜಾಗ್ವಾರ್'! ಸೇಡಿನ ಸಿನಿಮಾ ಎಷ್ಟೋ ನೋಡಿದ್ದೇವೆ, ಇಂಥ ಕ್ಲೈಮ್ಯಾಕ್ಸ್ ನೋಡಿದ್ದೇವೆಯೇ?

ನಮ್ಮ ದೇಶದ್ದೂ ಒಂದು ಕೇಳಿ. ಹಿಂದಿ ಚಿತ್ರಗಳ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲೇ ಅದೇ ಟಿಬಿ-303 ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ಬೀಟಿಗೆ ಕೂರಿಸಿದ್ದರು. ಷಿಕಾಗೋದವರಿಗಿಂತ ಐದು ವರ್ಷ ಮೊದಲು! ಯಾರೂ ಕೇಳಲಿಲ್ಲ. 2010ರಲ್ಲಿ ಒಂದು ವಿದೇಶಿ ಲೇಬಲ್ಲು ಮರುಮುದ್ರಿಸಿದಾಗ ಜಗತ್ತು ಬೆರಗಾಯಿತು. ಇಳಿವಯಸ್ಸಿನಲ್ಲಿ ಯೂರೋಪಿನ ವೇದಿಕೆ ಹತ್ತಿ ಹುಡುಗರನ್ನು ಕುಣಿಸಿ, 2015ರಲ್ಲಿ ಕಣ್ಮುಚ್ಚಿದರು. ತಡವಾದರೂ ಹೆಸರು ಅವರದೇ ಉಳಿಯಿತು. ಯಾಕೆ? ರೆಕಾರ್ಡಿನ ಮೇಲೆ ಅಚ್ಚಾಗಿತ್ತು, ಅದಕ್ಕೆ.

ನನ್ನದು ಅಚ್ಚಾಗಲಿಲ್ಲ.

ಹೌದು ಗೆಳೆಯರೇ, ಈ ಅಂಕಣದಲ್ಲಿ ಇಷ್ಟು ವರ್ಷ ಬರೆಯದ ಮಾತು. ಟಾಕೀಸು ಮುಚ್ಚಿದ ಮೇಲೆ ಹಾರ್ಮೋನಿಯಂ ಕಟ್ಟಿಕೊಂಡು ಗಾಂಧೀನಗರಕ್ಕೆ ಬಂದವನು ನಾನು. ಒಬ್ಬ ದೊಡ್ಡ ಮನುಷ್ಯರು ನನ್ನ ಟ್ಯೂನು ಕೇಳಿ, ಬೆನ್ನು ತಟ್ಟಿ, ಇನ್ನೂರು ರೂಪಾಯಿ ಕೊಟ್ಟು ಬಿಳಿ ಕಾಗದದ ಮೇಲೆ ಸಹಿ ಹಾಕಿಸಿಕೊಂಡರು. ಅಂದು ಹೋಟೆಲಿನಲ್ಲಿ ಎರಡು ಮಸಾಲೆ ದೋಸೆ ತಿಂದೆ. ವರ್ಷದೊಳಗೆ ಊರ ಬಸ್‌ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿಯಲ್ಲಿ ಆ ಟ್ಯೂನು ಕೇಳಿತು. ಟಿಕೆಟ್ ತೆಗೆದು ಮೂರು ಸಲ ಪಿಕ್ಚರ್ ನೋಡಿದೆ, ಹೆಸರು ಎಲ್ಲಾದರೂ ಬರುತ್ತೇನೋ ಅಂತ. ಬರಲಿಲ್ಲ. ಮನೆಗೆ ಹೋಗಿ 'ಅದು ನಂದೇ ಕಣಮ್ಮ' ಅಂದೆ. ಅಮ್ಮ ಮುಖ ನೋಡಿ ಸುಮ್ಮನೆ ಅನ್ನ ಬಡಿಸಿದಳು. ನಂಬಿದಳೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಆದ್ದರಿಂದ ತಮ್ಮಾ, ಈಗ ಕೇಳು. ನನ್ನ ಕಾಲದಲ್ಲಿಲ್ಲದ ಕಾನೂನು ನಿನಗಿದೆ. 2012ರಲ್ಲಿ ಕಾಪಿರೈಟ್ ಕಾಯಿದೆ ತಿದ್ದಿದರು. ಟ್ಯೂನನ್ನು ಬರೆದುಕೊಟ್ಟರೂ ರಾಯಲ್ಟಿಯಲ್ಲಿ ಸಂಗೀತ ಮಾಡಿದವನ ಸಮಪಾಲನ್ನು ಕಂಪನಿ ಕಿತ್ತುಕೊಳ್ಳುವಂತಿಲ್ಲ. ಅದನ್ನು ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಮಾತ್ರ ಕೊಡಬಹುದು. ಒಪ್ಪಂದದಲ್ಲಿ ಅವಧಿ ಬರೆಯದಿದ್ದರೆ ಐದೇ ವರ್ಷ ಎಂದು ಲೆಕ್ಕ. ಯಾವ ಪ್ರದೇಶ ಅಂತ ಬರೆಯದಿದ್ದರೆ ಭಾರತ ಮಾತ್ರ. ಆ ಆರು ಪುಟದಲ್ಲಿ ಈ ಮೂರು ಜಾಗ ಹುಡುಕು. ಪರಿಚಯದ ವಕೀಲರಿಗೆ ತೋರಿಸು. ನಿನ್ನ ಹೆಸರು ಎಲ್ಲಿ ಹಾಕ್ತಾರೆ ಅಂತ ಬರವಣಿಗೆಯಲ್ಲಿ ಕೇಳು. ತಿದ್ದಲು ಒಪ್ಪಿದರೆ ಸಹಿ ಹಾಕು, ಅಕ್ಕನ ಮದುವೆ ಚೆನ್ನಾಗಿ ಆಗಲಿ. ಅದರಲ್ಲಿ ನಾಚಿಕೆಯೇನೂ ಇಲ್ಲ. 'ಇವತ್ತೇ ಹಾಕು, ಈಗಲೇ ಹಾಕು' ಅಂದರೆ ಎದ್ದು ಬಾ.

ಲೇಬಲ್ಲು? ಮಾಡು. ಆದರೆ ಮೊಬೈಲ್ ರಿಪೇರಿ ಬಿಡಬೇಡ. ಹಗಲಿನ ಸಂಬಳ ರಾತ್ರಿಯ ಸಂಗೀತವನ್ನು ಸಾಕಲಿ. ಅಪ್ಪನಿಗೆ ಮುಚ್ಚಿಡಬೇಡ, ಬೈದರೆ ಬೈಸಿಕೋ. ಆಮೇಲೆ ಒಂದು ಸಂಜೆ ಹತ್ತಿರ ಕೂರಿಸಿ ಆ ಟ್ಯೂನು ಕೇಳಿಸು.

ನಿನ್ನ ಹೆಸರು ಅಚ್ಚಾದ ದಿನ ನನಗೊಂದು ಕಾಗದ ಬರೆಯೋದು ಮರೀಬೇಡ.

ಬರಲೇ? ಮುಂದಿನ ವಾರ ಸಿಗೋಣ.