ಮೇಳದ ಲೆಕ್ಕ

ಬಳ್ಳಾರಿ ಕಡೆಯವರು ‘ಪಶ್ಚಿಮ ತಾಲೂಕುಗಳು’ ಎಂದು ಕರೆಯುತ್ತ ಬಂದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಪಾಲಿಗೆ 2021 ದೊಡ್ಡ ವರ್ಷ. ಆ ಅಕ್ಟೋಬರ್ 2ರಂದು ವಿಜಯನಗರ ಜಿಲ್ಲೆ ಉದ್ಘಾಟನೆಯಾಯಿತು. ನವೆಂಬರ್ 9ರಂದು, ಹಗರಿಬೊಮ್ಮನಹಳ್ಳಿಗೆ ಹತ್ತಿರದ ಮರಿಯಮ್ಮನಹಳ್ಳಿಯಲ್ಲಿ ನೆಲೆಸಿರುವ ಜೋಗತಿ ಕುಣಿತದ ಕಲಾವಿದೆ ಮಂಜಮ್ಮ ಜೋಗತಿ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದು ಪದ್ಮಶ್ರೀ ಸ್ವೀಕರಿಸಿದರು. ಮುಂದಿನ ತಿಂಗಳು ಯುನೆಸ್ಕೊ, ಇಂಡೋನೇಷ್ಯಾದ ಗಮೆಲಾನ್ ವಾದ್ಯಮೇಳವನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಈ ಕೊನೆಯ ಸುದ್ದಿ ನಮ್ಮ ಭಾಗದಲ್ಲಿ ಚರ್ಚೆಯಾಗಲಿಲ್ಲ. ಆಗಬೇಕಿತ್ತು. ದೆಹಲಿಯಲ್ಲಿ ಗೌರವ ಸಂದದ್ದು ಒಬ್ಬ ಕಲಾವಿದೆಗೆ. ಇಂಡೋನೇಷ್ಯಾದಲ್ಲಿ ಸಂದದ್ದು ಇಡೀ ಮೇಳಕ್ಕೆ. ಇಷ್ಟು ವರ್ಷಗಳ ಲೆಕ್ಕ ತೆಗೆದರೆ ನಮ್ಮ ಕೊರತೆ ಇರುವುದು ಈ ವ್ಯತ್ಯಾಸದಲ್ಲೇ.

ಮಂಜಮ್ಮನಿಗೆ ಸಂದದ್ದು ಸಣ್ಣದಲ್ಲ. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಸ್ಥಾನ, ಆಮೇಲೆ ಪದ್ಮಶ್ರೀ. ಮನೆಯವರಿಗೂ ಊರಿಗೂ ಬೇಡವಾಗಿ ಭಿಕ್ಷೆ ಬೇಡಿ ಬದುಕಿದ ಲಿಂಗತ್ವ ಅಲ್ಪಸಂಖ್ಯಾತೆಯೊಬ್ಬರು ಅಕಾಡೆಮಿಯ ಕುರ್ಚಿಯಲ್ಲಿ ಕುಳಿತದ್ದು ಈ ನಾಡು ಹೆಮ್ಮೆಯಿಂದ ಹೇಳಿಕೊಳ್ಳಬೇಕಾದ ಸಂಗತಿ. ಆದರೆ ಅವರ ಬದುಕಿನ ಕತೆಯನ್ನೇ ಕೇಳಿ ನೋಡಿ. ಅರುಣ್ ಜೋಳದಕೂಡ್ಲಿಗಿ ನಿರೂಪಿಸಿರುವ ‘ನಡುವೆ ಸುಳಿವ ಹೆಣ್ಣು’ ಓದಿದವರಿಗೆ ಗೊತ್ತು, ಅದು ಒಂಟಿ ಸಾಧಕಿಯ ಕತೆಯಲ್ಲ. ದಾವಣಗೆರೆಯಲ್ಲಿ ಅಪ್ಪ ಹಾಡಿದರೆ ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ ಬಡ ಜೋಡಿಯೊಂದು ಅವರ ಕಣ್ಣಿಗೆ ಬಿತ್ತು. ಕುಣಿತದ ಗೀಳು ಹತ್ತಿದ್ದು ಅಲ್ಲಿ. ಕಲೆ ಕೈಗೂಡಿದ್ದು ಕಾಳವ್ವ ಜೋಗತಿಯ ತಂಡ ಸೇರಿದ ಮೇಲೆ. ಕಾಳವ್ವನ ಕಾಲಾನಂತರ ಆ ತಂಡದ ಹೊಣೆ ಮಂಜಮ್ಮನ ಹೆಗಲಿಗೆ ಬಂತು. ಮೇಳ ಇದ್ದುದರಿಂದ ಕಲಿಯುವವಳಿಗೆ ಜಾಗ ಸಿಕ್ಕಿತು.

ಜೋಗತಿ ಕುಣಿತ ನೋಡುವಾಗ ನಮ್ಮೆಲ್ಲರ ಕಣ್ಣು ಕೊಡದ ಮೇಲೆ. ಕುಣಿಯುವವಳು ತಲೆಯ ಮೇಲಿನ ಕೊಡ ಅಲುಗದಂತೆ ನೆಲಕ್ಕೆ ಬಾಗಿ ನೋಟನ್ನು ಬಾಯಲ್ಲಿ ಎತ್ತಿದರೆ ಚಪ್ಪಾಳೆ. ಆಕೆಯ ಬೆನ್ನಿಗೆ ನಿಂತವರನ್ನು ಒಮ್ಮೆ ನೋಡಬೇಕು. ಚೌಡಿಕೆಯವರ ಕಂಕುಳಲ್ಲಿ ಕೊಳಗದಂಥ ಮರದ ಒಡಲು. ಒಂದು ಬದಿಗೆ ಬಿಗಿದ ಚರ್ಮ. ಚರ್ಮದ ನಡುವಿನಿಂದ ಹೊರಟು ಪಕ್ಕದ ಕೋಲಿನ ತುದಿಗೆ ಸುತ್ತಿಕೊಂಡ ಒಂದೇ ತಂತಿ. ಬಲಗೈ ಮೀಟುತ್ತಿದ್ದರೆ ಎಡಗೈ ತಂತಿಯನ್ನು ಬಿಗಿದು ಸಡಿಲಿಸುತ್ತದೆ, ದನಿ ಮಾತಾಡಿದ ಹಾಗೆ ಏರಿ ಇಳಿಯುತ್ತದೆ. ಪಕ್ಕದಲ್ಲಿ ಶ್ರುತಿ ಹಿಡಿದವರೊಬ್ಬರು, ತಾಳದವರೊಬ್ಬರು, ಸೊಲ್ಲು ಎತ್ತಿಕೊಳ್ಳುವ ಹಿಮ್ಮೇಳ. ಪದ ಎಲ್ಲಿ ನಿಲ್ಲಬೇಕು, ಎಲ್ಲಿ ಓಡಬೇಕು ಎಂದು ಹೇಳುವುದು ಚೌಡಿಕೆ. ಕೊಡದ ಕಾಲು ಅದರ ಮಾತು ಕೇಳಿ ನಡೆಯುತ್ತದೆ. ಆಹ್ವಾನ ಪತ್ರಿಕೆಯಲ್ಲಿ ಮಾತ್ರ ಇವರೆಲ್ಲ ‘ಮತ್ತು ತಂಡ’.

ಇಂದು ಕಾಲೇಜು ಯುವಜನೋತ್ಸವಗಳಲ್ಲಿ ಮಕ್ಕಳು ಜೋಗತಿ ಕುಣಿತವನ್ನು ಉತ್ಸಾಹದಿಂದ ಮಾಡುತ್ತಾರೆ. ಹಿಂದೆ ಜನ ಮುಟ್ಟಿಸಿಕೊಳ್ಳಲು ಹಿಂಜರಿಯುತ್ತಿದ್ದ ಕಲೆಯನ್ನು ಎಲ್ಲ ಜಾತಿಯ ಹುಡುಗಿಯರು ತಲೆಯ ಮೇಲೆ ಹೊತ್ತುಕೊಂಡಿದ್ದಾರೆ. ಇದು ನಿಜವಾದ ಗೆಲುವು. ಆದರೆ ಹಾಡು ಬರುವುದು ಸ್ಪೀಕರಿನಿಂದ. ರಾತ್ರಿಯಿಡೀ ನಡೆಯುತ್ತಿದ್ದ ಯಲ್ಲಮ್ಮನ ಆಟ ವೇದಿಕೆಯ ಕೆಲವೇ ನಿಮಿಷಕ್ಕೆ ಕುಗ್ಗಿದಾಗ ಮೊದಲು ಉದುರಿದ್ದು ಕತೆ, ಆಮೇಲೆ ಚೌಡಿಕೆ. ಕುಣಿತ ಉಳಿಯಿತು, ಮೇಳ ಉಳಿಯಲಿಲ್ಲ.

ಇಲ್ಲಿ ಒಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕು. ಉಚ್ಚಂಗಿದುರ್ಗದಲ್ಲಿ ಭರತ ಹುಣ್ಣಿಮೆ ಬಂದರೆ ಇವತ್ತಿಗೂ ಅಧಿಕಾರಿಗಳು, ಪೊಲೀಸರು ಕಾವಲು ನಿಲ್ಲುವುದು ಸುಮ್ಮನೆ ಅಲ್ಲ. ದೇವರ ಹೆಸರಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿ ಈ ತಾಲೂಕುಗಳ ಎಷ್ಟೋ ದಲಿತ ಕುಟುಂಬಗಳನ್ನು ಹಿಂಡಿದೆ. 1982ರ ದೇವದಾಸಿ ನಿಷೇಧ ಕಾಯ್ದೆ ಬಂದ ಮೇಲೂ ಅದು ಒಂದೇ ಏಟಿಗೆ ನಿಲ್ಲಲಿಲ್ಲ. ಆ ಪದ್ಧತಿ ಬೇರುಸಹಿತ ಹೋಗಬೇಕು. ಜೋಗತಿಯರ ಪರಂಪರೆಗೂ ಈ ಪದ್ಧತಿಗೂ ನಂಟಿರುವುದರಿಂದ, ಚೌಡಿಕೆಯ ಪದ ಉಳಿಯಲಿ ಎನ್ನುವವರು ಮೊದಲು ಇದನ್ನು ಹೇಳಬೇಕು. ಮುತ್ತು ಕಟ್ಟದೆಯೂ ಚೌಡಿಕೆ ನುಡಿಸಬಹುದು ಎಂದು ತೋರಿಸಬೇಕಾದರೆ ಯಾರು ಬೇಕಾದರೂ ಬಂದು ಕಲಿಯುವ ಜಾಗ ಊರಲ್ಲಿ ಇರಬೇಕು.

ಇಂಡೋನೇಷ್ಯಾದ ಬಾಲಿ ದ್ವೀಪದ ಅನುಭವ ಉಪಯೋಗಕ್ಕೆ ಬರುವುದು ಈ ಹಂತದಲ್ಲಿ. ಅಲ್ಲಿ ಗಮೆಲಾನ್ ಎಂದರೆ ಒಂದು ವಾದ್ಯವಲ್ಲ. ಕಂಚಿನ ಪಟ್ಟಿಗಳ ವಾದ್ಯಗಳು, ಜಾಗಟೆಗಳು, ತಾಳ, ಎರಡು ಮುಖದ ಮದ್ದಳೆ ಎಲ್ಲ ಸೇರಿ ಒಂದು ಕುಟುಂಬ. ಅನೇಕ ಕಡೆ ಅದು ‘ಬಂಜಾರ್’ ಎನ್ನುವ ಕೇರಿಯ ಆಸ್ತಿ. ಕೇರಿಯ ಜನ ದುಡಿಮೆ ಮುಗಿಸಿ ಬಂದು ನುಡಿಸುತ್ತಾರೆ, ಗುಡಿಯ ಹಬ್ಬಕ್ಕೂ ಅದೇ, ಸಾವಿಗೂ ಅದೇ. ಕಂಚಿನ ಪಟ್ಟಿಯ ವಾದ್ಯಗಳು ಜೋಡಿಜೋಡಿಯಾಗಿ ಇರುತ್ತವೆ. ಒಂದರ ಶ್ರುತಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಎರಡನ್ನೂ ಒಟ್ಟಿಗೆ ಬಾರಿಸಿದಾಗ ದನಿ ನಡುಗುತ್ತ ಅಲೆಯಾಗುತ್ತದೆ. ಸ್ವರಗಳನ್ನೂ ಇಬ್ಬರು ಹಂಚಿಕೊಳ್ಳುತ್ತಾರೆ: ಒಬ್ಬ ಬಿಟ್ಟ ಜಾಗದಲ್ಲಿ ಇನ್ನೊಬ್ಬ ಹೊಡೆಯುತ್ತಾನೆ, ಕೇಳುವವರಿಗೆ ಒಬ್ಬನಿಂದ ಸಾಧ್ಯವಾಗದ ವೇಗದ ಒಂದೇ ಹಾಡು ಕೇಳಿಸುತ್ತದೆ. ಒಬ್ಬನೇ ಕಲಿತರೆ ಅರ್ಧ ಕಲಿತಂತೆ.

ಇಂಥ ಮೇಳವನ್ನು 1979ರಲ್ಲಿ ಅಮೆರಿಕದ ಬರ್ಕಲಿಯಲ್ಲಿ ಬಾಲಿಯ ಗುರು ಇ ವಾಯನ್ ಸುವೇಚ, ಮೈಕೆಲ್ ಟೆಂಜರ್, ರೇಚಲ್ ಕೂಪರ್ ಸೇರಿ ಕಟ್ಟಿದರು. ಅದರ ಹೆಸರು ಗಮೆಲಾನ್ ಸೆಕಾರ್ ಜಯ. ಊರಿನ ಸಾಮಾನ್ಯ ಜನ ಬಂದು ಕಲಿತರು, ಬಾಲಿಯಿಂದ ಗುರುಗಳನ್ನು ಕರೆಸಿಕೊಂಡರು. 1985ರಲ್ಲಿ ಆ ಮೇಳ ಬಾಲಿಗೇ ಹೋಗಿ, ಆ ಸಂಗೀತದ ಮಕ್ಕಳ ಮುಂದೆ ನುಡಿಸಿತು. ಜಾತಿಯಿಂದಲೂ ಕುಲದಿಂದಲೂ ಏನೇನೂ ಸಂಬಂಧವಿಲ್ಲದವರ ಕೈಗೆ ವಾದ್ಯ ಕೊಟ್ಟದ್ದರಿಂದ ಬಾಲಿಯ ಸಂಗೀತಕ್ಕೆ ಕುಂದೇನೂ ಬರಲಿಲ್ಲ.

ನಮ್ಮಲ್ಲಿ ವಾದ್ಯಕ್ಕೆ ಬರವಿಲ್ಲ. ಕೊಟ್ಟೂರೇಶ್ವರನ ಉತ್ಸವಕ್ಕೆ ಸಮಾಳ, ನಂದಿಕೋಲು. ಮೈಲಾರದ ಕಾರಣಿಕಕ್ಕೆ ಬರುವ ಗೊರವಯ್ಯಗಳ ಡಮರುಗ, ಕೊಳಲು. ಹರಪನಹಳ್ಳಿ, ಹಡಗಲಿ ಕಡೆಯ ತಾಂಡಾಗಳಲ್ಲಿ ನಗಾರಿ, ಕಂಚಿನ ತಾಟು. ಯಾವ ಊರಿಗೆ ಹೋದರೂ ಹಲಗೆ. ಆದರೆ ಒಂದೊಂದು ವಾದ್ಯವೂ ಒಂದೊಂದು ಕೇರಿಗೆ ಕಟ್ಟುಬಿದ್ದಿದೆ. ಹಲಗೆ ಬಾರಿಸುವುದು ಇಂಥವರ ಕರ್ತವ್ಯ ಎಂದು ಊರು ಹೇರಿದಾಗ, ಓದಿದ ಹುಡುಗರು ಅದನ್ನು ಕೆಳಗಿಟ್ಟದ್ದು ಸರಿಯಾಗಿಯೇ ಇದೆ. ಅದನ್ನು ಮತ್ತೆ ಎತ್ತಿಕೊಳ್ಳಿ ಎಂದು ಅವರಿಗಷ್ಟೇ ಹೇಳುವ ಹಕ್ಕು ಯಾರಿಗೂ ಇಲ್ಲ. ಊರಿನ ಎಲ್ಲ ಮನೆಯ ಮಕ್ಕಳೂ ಎತ್ತಿಕೊಂಡರೆ ಮಾತು ಬೇರೆ.

ಈ ಭಾಗದ ಜನಕ್ಕೆ ಕಟ್ಟುವುದು ಗೊತ್ತಿಲ್ಲವೆಂದಲ್ಲ. ಎಂ.ಪಿ. ಪ್ರಕಾಶ್ ಮತ್ತು ಗೆಳೆಯರು ಹಡಗಲಿಯಲ್ಲಿ ರಂಗಭಾರತಿ ಕಟ್ಟಿ, ಬೇರೆ ಬೇರೆ ಕಸುಬಿನ ಜನರನ್ನು ಒಂದೇ ರಂಗದ ಮೇಲೆ ತಂದರು. ಮಂತ್ರಿಯಾದಾಗ ಹಂಪಿ ಉತ್ಸವಕ್ಕೆ ಜೀವ ಕೊಟ್ಟವರೂ ಅವರೇ. ತುಂಗಭದ್ರೆಯ ಹಿನ್ನೀರಿಗೆ ನಾರಾಯಣದೇವರಕೆರೆ ಮುಳುಗಿದಾಗ ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದು ದೇವರನ್ನೂ ತೇರನ್ನೂ ಮತ್ತೆ ನಿಲ್ಲಿಸಿದರು, ನಾಟಕವನ್ನೂ ಬಿಡಲಿಲ್ಲ. ಈ ತಾಲೂಕುಗಳು ಸೇರಿದ್ದು 1953ರಲ್ಲಿ ಮದ್ರಾಸಿನಿಂದ ಮೈಸೂರಿಗೆ, ಹರಪನಹಳ್ಳಿಯಾದರೆ 1997ರಲ್ಲಿ ದಾವಣಗೆರೆಗೆ, ಮತ್ತೆ ಬಳ್ಳಾರಿಗೆ, ಈಗ ವಿಜಯನಗರಕ್ಕೆ. ಹೀಗೆ ನಕ್ಷೆ ಬದಲಾದಾಗಲೆಲ್ಲ ಕಚೇರಿಗಳು ಸ್ಥಳಾಂತರವಾದವು, ಜಾತ್ರೆಗಳು ನಿಂತಲ್ಲೇ ನಿಂತವು.

ಆದ್ದರಿಂದ ಹೊಸ ಜಿಲ್ಲೆಯ ಮುಂದೆ ನಮ್ಮ ಬೇಡಿಕೆ ಚಿಕ್ಕದು. ಈ ಐದು ಪಶ್ಚಿಮ ತಾಲೂಕುಗಳಲ್ಲಿ ಒಂದೊಂದು ಮೇಳದ ಮನೆ ಆಗಲಿ. ಹೊಸ ಕಟ್ಟಡ ಬೇಡ, ಸಂಜೆ ಬೀಗ ಬೀಳುವ ಒಂದು ಸರ್ಕಾರಿ ಶಾಲೆಯ ಕೋಣೆ ಸಾಕು. ವಾದ್ಯಗಳು ಊರಿನ ಹೆಸರಲ್ಲಿ ಇರಲಿ. ಚೌಡಿಕೆ, ಸಮಾಳ ಬಲ್ಲ ಹಿರಿಯರಿಗೆ ಮಾಸಾಶನದ ಜೊತೆಗೆ ಕಲಿಸುವ ಸಂಬಳವೂ ಸಿಗಲಿ, ಯಾಕೆಂದರೆ ಮಾಸಾಶನ ಅವರ ಮುಪ್ಪಿಗೆ, ಸಂಬಳ ಅವರ ವಿದ್ಯೆಗೆ. ಹಂಪಿ ಉತ್ಸವಕ್ಕೆ ತಂಡ ಆರಿಸುವವರು ಹಾಡು ಸ್ಪೀಕರಿನಿಂದ ಬರುತ್ತದೋ ಬಾಯಿಂದ ಬರುತ್ತದೋ ಎಂದು ಮೊದಲು ಕೇಳಲಿ. ಆಹ್ವಾನ ಪತ್ರಿಕೆಯಲ್ಲಿ ಚೌಡಿಕೆಯವರ, ಶ್ರುತಿಯವರ, ತಾಳದವರ ಹೆಸರೂ ಅಚ್ಚಾಗಲಿ. ಇದಕ್ಕೆ ಯಾವ ಅನುದಾನಕ್ಕೂ ಕಾಯಬೇಕಾಗಿಲ್ಲ. ಬರುವ ಉತ್ಸವದಿಂದಲೇ ಮಾಡಬಹುದು.